ಖಾಲಿ ಗುಡ್ಡದಲ್ಲಿ ತೆಗೆಯುವುದಾದರೂ ಏನನ್ನು?

ಸ್ಕಾಟ್‌ಲೆಂಡ್‌ನ ಬೆಟ್ಟಸೀಮೆಯಲ್ಲಿ ನಾನು ತೆಗೆದ ಚಿತ್ರಗಳನ್ನು ನೋಡಿದವರು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಇದು: ‘ಹುಲ್ಲು ಬಿಟ್ಟರೆ ಇದರಲ್ಲಿ ಬೇರೇನೂ ಇಲ್ಲವಲ್ಲ?’ ನಾನು ತೆಗೆಯುವುದು ಆ ಹುಲ್ಲನ್ನೇ.

ಅಲ್ಲಿನ ಹಳ್ಳಿಗರು ಮೇ ತಿಂಗಳ ಹೊತ್ತಿಗೆ ದನಕರುಗಳನ್ನು ಎತ್ತರದ ಹುಲ್ಲುಗಾವಲಿಗೆ ಹೊಡೆದುಕೊಂಡು ಹೋಗಿ, ಬೇಸಿಗೆಯನ್ನು ‘ಶೀಲಿಂಗ್’ ಎಂಬ ಪುಟ್ಟ ಗುಡಿಸಲುಗಳಲ್ಲಿ ಕಳೆಯುತ್ತಿದ್ದರು. ಹೆಂಗಸರೂ ಮಕ್ಕಳೂ ಅಲ್ಲೇ ಉಳಿದು ಬೆಣ್ಣೆ, ಚೀಸ್ ಮಾಡುತ್ತಿದ್ದರು; ಅತ್ತ ಕೆಳಗಿನ ಹೊಲಗಳ ಪೈರು ದನಗಳ ಬಾಯಿಗೆ ಬೀಳದೆ ಉಳಿಯುತ್ತಿತ್ತು. ವೇಲ್ಸ್ ಮತ್ತು ಐರ್ಲೆಂಡ್‌ಗಳಲ್ಲೂ ಇಂಥದೇ ಪದ್ಧತಿಗಳಿದ್ದವು. 18ನೆಯ ಶತಮಾನದ ಉತ್ತರಾರ್ಧದಿಂದ ದೊಡ್ಡ ಪ್ರಮಾಣದ ಕುರಿ ಸಾಕಣೆ ಬೆಟ್ಟಗಳನ್ನು ಆವರಿಸಿಕೊಂಡಂತೆ ಇದು ಕ್ರಮೇಣ ಅಳಿಯಿತು; ಸ್ಕಾಟ್‌ಲೆಂಡ್‌ನ ವಾಯವ್ಯ ಕರಾವಳಿಯಾಚೆಯ ಲೂಯಿಸ್ ದ್ವೀಪದಲ್ಲಿ ಮಾತ್ರ 20ನೆಯ ಶತಮಾನದವರೆಗೂ ನಡೆದುಬಂದಿತು.

ಈ ಗುಡಿಸಲುಗಳ ಸುತ್ತ ತಲೆಮಾರುಗಳ ಕಾಲ ಒಂದೇ ಜಾಗದಲ್ಲಿ ಬಿದ್ದ ಸಗಣಿಯಿಂದ ಮಣ್ಣು ಫಲವತ್ತಾಗಿರುವುದರಿಂದ, ಸುತ್ತಲೂ ಕಂದು ಬಣ್ಣದ ಹೆದರ್ ಪೊದೆಗಳು ಹಬ್ಬಿರುವ ಇಳಿಜಾರಿನಲ್ಲಿ ಆ ಜಾಗವೊಂದೇ ಇಂದಿಗೂ ಎಳೆಹಸಿರಾಗಿ ಕಾಣುತ್ತದೆ. ಈಗಿನ ಕುರಿಗಳೂ ಅಲ್ಲಿಗೇ ಬಂದು ಮೇಯುವುದರಿಂದ ಹುಲ್ಲು ನೆಲಮಟ್ಟಕ್ಕೆ ಕತ್ತರಿಸಿದಂತಿರುತ್ತದೆ. ಹತ್ತಿರ ಹೋದರೆ ಮೊಣಕಾಲೆತ್ತರದ ದಿಬ್ಬ, ಅದರ ಮೇಲೆ ಪಾಚಿ ಹಿಡಿದ ಕಲ್ಲುಗಳ ಸಾಲು, ಬಾಗಿಲಿದ್ದ ಕಡೆ ಒಂದು ಕಿಂಡಿ. ಕೆಲವು ಕಡೆ ಗೋಡೆಯೊಳಗೆ ಹಾಲಿನ ಪಾತ್ರೆ ಇಡುತ್ತಿದ್ದ ಗೂಡೂ ಉಳಿದಿರುತ್ತದೆ. ಹುಲ್ಲುಹೆಂಟೆಗಳಿಂದ ಕಟ್ಟಿದ ಗೋಡೆ ಕುಸಿದಾಗ ಅದರ ಮೇಲೆಯೇ ಹೊಸದನ್ನು ಕಟ್ಟಿದ್ದರಿಂದ ದಿಬ್ಬ ಬೆಳೆಯುತ್ತಾ ಹೋಗಿದೆ.

ನಡುಹಗಲಿನಲ್ಲಿ ಇದಾವುದೂ ಕ್ಯಾಮೆರಾಗೆ ದಕ್ಕುವುದಿಲ್ಲ. ಸೂರ್ಯ ದಿಗಂತಕ್ಕೆ ಹತ್ತಿರವಿದ್ದು ಬೆಳಕು ಪಕ್ಕದಿಂದ ಬಿದ್ದಾಗ ಮಾತ್ರ, ಅಂಗೈ ಎತ್ತರದ ಏರಿಗೂ ನೆರಳು ಮೂಡಿ ಗುಡಿಸಲಿನ ಆಕಾರ ಎದ್ದು ನಿಲ್ಲುತ್ತದೆ. ಬೇಸಿಗೆಯಲ್ಲಿ ಆಳುದ್ದ ಬೆಳೆಯುವ ಜರೀಗಿಡ ಎಲ್ಲವನ್ನೂ ಮುಚ್ಚಿಬಿಡುವುದರಿಂದ, ಅದು ಒಣಗಿ ನೆಲಕ್ಕೊರಗಿರುವ ಚಳಿಗಾಲದ ಕೊನೆಯೇ ಒಳ್ಳೆಯ ಸಮಯ. (ದನಗಳು ಮೇಲೆ ಇರುತ್ತಿದ್ದ ಋತುವಿನಲ್ಲೇ ಅವುಗಳ ಗುರುತು ಮರೆಯಾಗುವುದು ವಿಚಿತ್ರ.) ಕಪ್ಪುಬಿಳುಪಿನಲ್ಲಿ ತೆಗೆದರೆ ಗಾಂಭೀರ್ಯವೇನೋ ಬರುತ್ತದೆ, ಆದರೆ ಮುಖ್ಯ ಸಾಕ್ಷಿಯಾದ ಬಣ್ಣವೇ ಹೋಗುತ್ತದೆ, ಆದ್ದರಿಂದ ನನಗದು ಒಪ್ಪಿಗೆಯಿಲ್ಲ. ಡ್ರೋನ್ ಚಿತ್ರ ನಕ್ಷೆಯಷ್ಟು ಸ್ಪಷ್ಟ, ಆದರೆ ದನ ಕಾಯುವವರು ಗುಡ್ಡವನ್ನು ಹಾಗೆ ಕಂಡವರಲ್ಲ.

ಕಲ್ಲುಗಳನ್ನಷ್ಟೇ ಹತ್ತಿರದಿಂದ ತೆಗೆದರೆ ಅವು ಯಾವ ಪಾಳುಗೋಡೆಯದಾದರೂ ಆಗಬಹುದು. ಹಾಗಾಗಿ ನಾನು ಹಿಂದೆ ಸರಿದು, ದಿಬ್ಬದ ಜೊತೆಗೆ ಪಕ್ಕದ ತೊರೆಯನ್ನೂ ಚೌಕಟ್ಟಿಗೆ ಸೇರಿಸಿಕೊಳ್ಳುತ್ತೇನೆ. ಕುಡಿಯಲು, ಪಾತ್ರೆ ತೊಳೆಯಲು, ಹಾಲನ್ನು ತಣ್ಣಗಿಡಲು ನೀರು ಬೇಕಿದ್ದುದರಿಂದಲೇ ಗುಡಿಸಲು ಅಲ್ಲಿದೆ.