ಗಾಡಿ ಹೊರಡುವಾಗ ಹಾಕಿದ ಸ್ಟೇಟಸ್

ವಿಜಯಪುರದಲ್ಲಿ ಬಾಡಿಗೆ ಕಾರು ಮತ್ತು ಟೆಂಪೋ ಟ್ರಾವೆಲರ್‌ಗಳ ಬುಕಿಂಗ್ ನೋಡಿಕೊಳ್ಳುವ ಕೆಲಸಕ್ಕೆ ನಾನು ಸೇರಿ 11 ವರ್ಷಗಳಾದವು. ನಮ್ಮ ಗಾಡಿಗಳು ಹೆಚ್ಚಾಗಿ ಹೋಗುವುದು ಪಂಢರಪುರ, ತುಳಜಾಪುರ, ಅಕ್ಕಲಕೋಟೆಗಳ ಕಡೆಗೆ. ಗಾಡಿ ಹೊರಡುವಾಗ ಗಿರಾಕಿಗಳನ್ನು ಅದರ ಮುಂದೆ ನಿಲ್ಲಿಸಿ ಫೋಟೊ ತೆಗೆದು, ಎಲ್ಲಿಗೆ ಹೊರಟಿದ್ದಾರೆ, ಎಷ್ಟು ದಿನ ಎಂಬುದನ್ನೂ ಬರೆದು ವಾಟ್ಸ್‌ಆ್ಯಪ್ ಸ್ಟೇಟಸ್‌ಗೆ ಹಾಕುವ ರೂಢಿಯನ್ನು ನಾನೇ ಆರಂಭಿಸಿದ್ದೆ. ಅದನ್ನು ನೋಡಿಯೇ ಬಾಡಿಗೆ ಕೇಳಿ ಬಂದವರು ಬಹಳ ಜನರಿದ್ದರು.

ಎರಡು ವರ್ಷಗಳ ಹಿಂದೆ, ಕಾರ್ತಿಕ ಮಾಸದಲ್ಲಿ, ನಿವೃತ್ತ ಶಿಕ್ಷಕರೊಬ್ಬರು ಪತ್ನಿಯೊಂದಿಗೆ ಮೂರು ದಿನಗಳ ಯಾತ್ರೆಗೆ ನಮ್ಮ ಕಾರು ಹೇಳಿದ್ದರು. ಬೆಳಗಿನ ಆರು ಗಂಟೆಗೆ ಅವರ ಮನೆಯ ಮುಂದೆಯೇ ಫೋಟೊ ತೆಗೆದೆ. ಅದರಲ್ಲಿ ಗೇಟು, ಬಾಗಿಲಿಗೆ ಹಾಕಿದ ಕೀಲಿ, ಪಕ್ಕದ ಕಿರಾಣಿ ಅಂಗಡಿಯ ಬೋರ್ಡು ಎಲ್ಲವೂ ಸ್ಪಷ್ಟವಾಗಿದ್ದವು. ಅದರ ಕೆಳಗೆ ‘ಪಂಢರಪುರ, ತುಳಜಾಪುರ, 3 ದಿನ’ ಎಂದು ಬರೆದೆ.

ಮರುದಿನ ನಸುಕಿನಲ್ಲಿ ನೆರೆಮನೆಯ ಹುಡುಗಿ ಅವರ ಬಾಗಿಲಲ್ಲಿ ರಂಗೋಲಿ ಹಾಕಲು ಬಂದಾಗ ಕೀಲಿ ಮುರಿದಿತ್ತು. ತಿಜೋರಿಯಲ್ಲಿದ್ದ ಹಣವೂ ದೇವರ ಮನೆಯ ಬೆಳ್ಳಿ ದೀಪದ ಸಮೆಗಳೂ ಹೋಗಿದ್ದವು. ಮನೆಯಲ್ಲಿ ಯಾರೂ ಇಲ್ಲವೆಂಬುದು ಹೊರಗಿನವರಿಗೆ ತಿಳಿಯಬಾರದೆಂದು ಆ ತಾಯಿ ಸಂಜೆ ಹೊರಗಿನ ದೀಪ ಹಚ್ಚಲು, ಹಾಲಿನ ಪಾಕೀಟು ತೆಗೆದಿಡಲು, ಬೆಳಿಗ್ಗೆ ರಂಗೋಲಿ ಹಾಕಲು ನೆರೆಮನೆಯವರಿಗೆ ಹೇಳಿ ಹೋಗಿದ್ದರು. ಅಷ್ಟು ಜೋಪಾನವಾಗಿ ಅವರು ಮುಚ್ಚಿಟ್ಟದ್ದನ್ನು ನಾನು ಊರಿಗೆಲ್ಲ ಹೇಳಿಬಿಟ್ಟಿದ್ದೆ.

ಸುದ್ದಿ ತಿಳಿದ ಕೂಡಲೇ ಸ್ಟೇಟಸ್ ತೆರೆದೆ. ಅದು 24 ತಾಸುಗಳಿಗೆ ತಾನಾಗಿಯೇ ಅಳಿಯುತ್ತದೆ. ಆ ಹೊತ್ತಿಗೆ ಅರ್ಧ ತಾಸಿಗಿಂತ ಕಡಿಮೆ ಸಮಯ ಉಳಿದಿತ್ತು. ನೋಡಿದವರ ಪಟ್ಟಿಯಲ್ಲಿ 218 ಹೆಸರುಗಳಿದ್ದವು. ‘ಸೋಲಾಪುರ ಪಾರ್ಟಿ’, ‘ಲಗ್ನದ ಗಾಡಿ’, ‘ರೇಟ್ ಕೇಳಿದವರು’ ಎಂದು ನಾನೇ ಸೇವ್ ಮಾಡಿಕೊಂಡ ಹೆಸರುಗಳು ಅವು. ನನ್ನ ಫೋನಿನಲ್ಲಿ ಅವರ ನಂಬರು, ಅವರ ಫೋನಿನಲ್ಲಿ ನನ್ನ ನಂಬರು ಇದ್ದರೆ ಸಾಕು, ಸ್ಟೇಟಸ್ ಅವರಿಗೆ ಕಾಣಿಸುತ್ತದೆ. ಹೀಗೆ ನೋಡಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರ ಮುಖವನ್ನು ನಾನು ಕಂಡಿರಲೇ ಇಲ್ಲ. ಕಳ್ಳರಿಗೆ ವಿಷಯ ತಿಳಿದದ್ದು ಆ ಪಟ್ಟಿಯಿಂದಲೇ ಎಂಬುದು ಇಂದಿಗೂ ಸಾಬೀತಾಗಿಲ್ಲ. ಆದರೆ ಅಲ್ಲವೆಂದು ಹೇಳುವ ಧೈರ್ಯ ನನಗೆ ಆಗ ಇರಲಿಲ್ಲ, ಈಗಲೂ ಇಲ್ಲ.

ಅವರು ಅರ್ಧ ದಾರಿಯಿಂದಲೇ ಹಿಂದಿರುಗಿದರು. ನಾನು ಹೋಗಿ ಇದ್ದದ್ದನ್ನು ಇದ್ದಂತೆ ಹೇಳಿದೆ. ಶಿಕ್ಷಕರು ಸಿಟ್ಟಾಗಲಿಲ್ಲ. ಆ ತಾಯಿ ಮಾತ್ರ, “ತಮ್ಮಾ, ಹಾಕೂಕಿಂತ ಮೊದಲ ನಮಗೊಂದು ಮಾತು ಕೇಳಬೇಕಿತ್ತಲಾ” ಎಂದರು.

ಆ ಮಾತಿನ ನಂತರ ನಮ್ಮ ಕೆಲಸದ ರೀತಿ ಬದಲಾಯಿತು. ಗಿರಾಕಿಗಳು ಮನೆಗೆ ಮರಳಿದ ಮೇಲೆ, ಅವರನ್ನು ಕೇಳಿಯೇ, ಗುಡಿಯ ಎದುರು ಅಥವಾ ದಾರಿಯಲ್ಲಿ ತೆಗೆದ ಫೋಟೊ ಮಾತ್ರ ಹಾಕುತ್ತೇವೆ. ಮನೆಯ ಮುಂದೆ ಫೋಟೊ ತೆಗೆಯುವುದೇ ಇಲ್ಲ. ಇದಕ್ಕಿಂತ ದೊಡ್ಡ ತಪ್ಪೊಂದು ಡ್ರೈವರ್‌ಗಳ ಗ್ರೂಪಿನಲ್ಲಿತ್ತು. ಗಿರಾಕಿಯ ವಿಳಾಸ, ಫೋನ್ ನಂಬರು, ಹೊರಡುವ ಮತ್ತು ಮರಳುವ ದಿನಾಂಕಗಳನ್ನು ನಾವು ಅರವತ್ತಕ್ಕೂ ಹೆಚ್ಚು ಜನರಿರುವ ಆ ಗ್ರೂಪಿಗೆ ದಿನವೂ ಹಾಕುತ್ತಿದ್ದೆವು, ಅದನ್ನು ಯಾರೂ ತಪ್ಪೆಂದು ಭಾವಿಸಿರಲಿಲ್ಲ. ಈಗ ಆ ವಿವರ ಗಾಡಿ ಓಡಿಸುವ ಒಬ್ಬರಿಗೆ ಮಾತ್ರ ಹೋಗುತ್ತದೆ. ಬಾಡಿಗೆ ಸ್ವಲ್ಪ ಕಡಿಮೆಯಾದದ್ದು ನಿಜ, ಆದರೆ ಮಾಲೀಕರು ಒಪ್ಪಿದ್ದಾರೆ.

ಹಿಂದಿನ ಸೀಟಿನಲ್ಲಿ ಕುಳಿತ ಮಕ್ಕಳು ಸೋಲಾಪುರ ದಾಟುವಷ್ಟರಲ್ಲಿ ಸ್ಟೋರಿ ಹಾಕುವುದನ್ನು ನಾವು ತಡೆಯಲಾರೆವು. ಅದು ಅವರ ಸಂತೋಷ. ಆದರೂ ಬುಕಿಂಗ್ ಮಾಡುವಾಗಲೇ, ಮನೆಗೆ ಕೀಲಿ ಹಾಕಿ ಹೊರಡುವವರಾದರೆ ಫೋಟೊಗಳನ್ನು ಮರಳಿದ ಮೇಲೆ ಹಾಕಿರೆಂದು ನಾನು ಹೇಳುತ್ತೇನೆ.

ಕಳೆದ ಕಾರ್ತಿಕದಲ್ಲಿ ಆ ದಂಪತಿಗಳು ಮತ್ತೆ ನಮ್ಮ ಕಾರಿನಲ್ಲೇ ಪಂಢರಪುರಕ್ಕೆ ಹೋಗಿ ಬಂದರು. ಚಂದ್ರಭಾಗೆಯ ದಂಡೆಯಲ್ಲಿ ಡ್ರೈವರ್ ತೆಗೆದ ಅವರ ಫೋಟೊ ಬಹಳ ಚೆನ್ನಾಗಿ ಬಂದಿತ್ತು. ಸ್ಟೇಟಸ್‌ಗೆ ಹಾಕಲೇ ಎಂದು ಕೇಳಿದೆ. “ಬ್ಯಾಡೋ ತಮ್ಮಾ” ಎಂದರು. ಹಾಕಲಿಲ್ಲ.