ಅದು ನನ್ನ ಶುಕ್ರವಾರವಾಗಿತ್ತು

ಕಳೆದ ತಿಂಗಳ ಒಂದು ಶುಕ್ರವಾರ ಕಚೇರಿಯ ಸಭೆ ಎಳೆದಾಡಿದ್ದರಿಂದ ಮಗಳನ್ನು ಕರೆತರಲು ಹೋಗಲಾಗಲಿಲ್ಲ. ನಾಳೆ ಬರುತ್ತೇನೆಂದು ಅವಳ ತಾಯಿಗೆ ಸಂದೇಶ ಕಳುಹಿಸಿ ಸುಮ್ಮನಾದೆ. ಮರುದಿನ ಬೆಳಿಗ್ಗೆ ಬಾಗಿಲಲ್ಲಿ ಕುಳಿತು ಬೂಟಿನ ದಾರ ಕಟ್ಟಿಕೊಳ್ಳುತ್ತಿದ್ದ ಎಂಟು ವರ್ಷದ ಹುಡುಗಿ ತಲೆಯೆತ್ತದೆಯೇ ಹೇಳಿದಳು: "ನಿನ್ನೆ ನನ್ನ ಶುಕ್ರವಾರ ಆಗಿತ್ತು ಅಪ್ಪ, ನಿನ್ನದಲ್ಲ."

ಎರಡು ವಾರಕ್ಕೊಮ್ಮೆ ಬರುವ ಆ ದಿನವನ್ನು ನಾನು ಹೋರಾಡಿ ಪಡೆದ ನನ್ನ ಸೊತ್ತೆಂದೇ ಭಾವಿಸಿದ್ದೆ. ಬೇರ್ಪಟ್ಟ ಮೊದಲ ವರ್ಷ ವಕೀಲರ ಮುಂದೆ ಕುಳಿತಾಗಲೆಲ್ಲ ನನ್ನ ಬಾಯಲ್ಲಿ ಬರುತ್ತಿದ್ದುದು 'ನನ್ನ ಹಕ್ಕು' ಎಂಬ ಒಂದೇ ಮಾತು. ಆದರೆ ಇಲ್ಲಿನ, ಅಂದರೆ ಜರ್ಮನಿಯ, ನಾಗರಿಕ ಸಂಹಿತೆಯ 1684ನೆಯ ಕಲಂ ಶುರುವಾಗುವುದೇ ಬೇರೆ ರೀತಿಯಲ್ಲಿ. ತಂದೆತಾಯಿ ಇಬ್ಬರೊಡನೆಯೂ ಒಡನಾಡುವ ಹಕ್ಕು ಮಗುವಿನದು ಎಂದು ಮೊದಲು ಹೇಳಿ, ಆಮೇಲೆ ತಂದೆತಾಯಿಗೆ ಅದು ಕರ್ತವ್ಯವೂ ಹೌದು, ಹಕ್ಕೂ ಹೌದು ಎನ್ನುತ್ತದೆ. ಕರ್ತವ್ಯವೇ ಮುಂದೆ, ಹಕ್ಕು ಅದರ ಹಿಂದೆ. 1998ರ ಸುಧಾರಣೆಯಲ್ಲಿ ಬಂದ ಈ ವಾಕ್ಯವನ್ನು ವಕೀಲರು ಓದಿ ಹೇಳಿದಾಗ ನನಗೆ ಕೇಳಿಸಿದ್ದು ಎರಡನೆಯ ಪದ ಮಾತ್ರ.

ಮಗನನ್ನು ನೋಡಲೇ ಒಲ್ಲದ ತಂದೆಯೊಬ್ಬನ ಮೊಕದ್ದಮೆಯೂ ಈ ದೇಶದ ಸಂವಿಧಾನ ನ್ಯಾಯಾಲಯದವರೆಗೆ ಹೋಗಿತ್ತು. ಭೇಟಿಯಾಗದಿದ್ದರೆ 25,000 ಯೂರೋಗಳವರೆಗೆ ದಂಡ ಎಂದು ಕೆಳಗಿನ ನ್ಯಾಯಾಲಯ ಬೆದರಿಸಿತ್ತು. ಮಗುವಿಗೆ ಹಕ್ಕಿರುವುದು ನಿಜ, ಆದರೂ ಮನಸ್ಸಿಲ್ಲದ ತಂದೆಯನ್ನು ಎಳೆತಂದು ಕೂರಿಸುವುದರಿಂದ ಸಾಮಾನ್ಯವಾಗಿ ಮಗುವಿಗೆ ಹಿತವಾಗದು ಎಂದು 2008ರಲ್ಲಿ ತೀರ್ಪು ಬಂತು. ಆ ತಂದೆಯನ್ನು ಮನಸಾರೆ ಬೈದುಕೊಂಡಿದ್ದೆ. ಸಭೆಗಾಗಿ ಮಗಳ ದಿನವನ್ನು ಮುಂದೂಡಿದವನಿಗೆ ಈಗ ಆ ಬೈಗುಳ ಅಷ್ಟು ಸುಲಭವಾಗಿ ಬಾಯಿಗೆ ಬರುವುದಿಲ್ಲ.

ಊರಿನಿಂದ ಅಮ್ಮ ಫೋನು ಮಾಡಿದಾಗ ಮೊದಲು ಕೇಳಿದ್ದು, "ಕೊನೆಗೂ ಮಗು ಯಾರ ಪಾಲಿಗೆ ಬಂತು?" ಎಂದು. ಗದ್ದೆ, ತೋಟಗಳಿಗೆ ಬಳಸುವ ಮಾತನ್ನೇ ಮಗುವಿಗೂ ಬಳಸುವುದು ನಮ್ಮಲ್ಲಿ ಯಾರಿಗೂ ವಿಚಿತ್ರವೆನಿಸುವುದಿಲ್ಲ. ನಮ್ಮ ಕಾನೂನನ್ನು ದೂರುವಂತಿಲ್ಲ. ಮಗುವನ್ನು ಜೊತೆಯಲ್ಲಿ ಇರಿಸಿಕೊಳ್ಳಲು ಅವಕಾಶ ಸಿಗದವರು ಸಾಮಾನ್ಯವಾಗಿ ದಿನಕ್ಕೆ ಐದು ಹತ್ತು ನಿಮಿಷವಾದರೂ ಅದರೊಡನೆ ಮಾತನಾಡುವಂತಿರಬೇಕು ಎಂದು 2020ರಲ್ಲಿ ನಮ್ಮ ಸುಪ್ರೀಂ ಕೋರ್ಟೇ ಹೇಳಿದೆ. ಬದಲಾಗದಿರುವುದು ಪಡಸಾಲೆಯ ಭಾಷೆ. ದೂರದ ಸಂಬಂಧಿಯೊಬ್ಬರು ಬೇರ್ಪಟ್ಟಾಗ 'ಮಗು ಅವರ ಕಡೆ ಹೋಯಿತು' ಎಂದು ಹಿರಿಯರು ಮಾತು ಮುಗಿಸಿದ್ದರು. ಆ ಹುಡುಗ ಏನೆಂದುಕೊಂಡನೋ, ನಾನೂ ಸೇರಿದಂತೆ ಯಾರೂ ಕೇಳಲಿಲ್ಲ.

ಮಗಳ ಕೋಣೆಯಲ್ಲಿ ಅವಳೇ ಗೆರೆ ಎಳೆದು ಮಾಡಿದ ಕ್ಯಾಲೆಂಡರಿದೆ. ನಾನು ಬರಬೇಕಾದ ಶುಕ್ರವಾರಗಳ ಚೌಕಗಳಿಗೆಲ್ಲ ಹಸಿರು ಬಣ್ಣ ತುಂಬಿದ್ದಾಳೆ. ತಪ್ಪಿಸಿದ ದಿನದ ಚೌಕದಲ್ಲಿ ಬಣ್ಣ ಅರ್ಧಕ್ಕೇ ನಿಂತಿತ್ತು. ಏಕೆಂದು ನಾನು ಕೇಳಲಿಲ್ಲ. ಸೋಮವಾರ ಕಚೇರಿಗೆ ಹೋದವನು, ಶುಕ್ರವಾರ ಎರಡು ಗಂಟೆಯ ನಂತರ ನನ್ನನ್ನು ಯಾವ ಸಭೆಗೂ ಕರೆಯಬೇಡಿ ಎಂದು ಬರೆದು ಕಳುಹಿಸಿದೆ.