180.01 ಡಿಗ್ರಿ: ಆನ್‌ಲೈನ್ ತರಬೇತಿಯ ಬಗ್ಗೆ ಒಬ್ಬ ಗಣಿತ ಶಿಕ್ಷಕನ ಟಿಪ್ಪಣಿ

ಕಳೆದ ತಿಂಗಳು ನಮ್ಮ ಪ್ರೌಢಶಾಲೆಗೆ ಹೊಸದಾಗಿ ಬಂದ ವಿಜ್ಞಾನ ಶಿಕ್ಷಕಿಯೊಬ್ಬರು ಬಿಸಿಯೂಟದ ಬಿಡುವಿನಲ್ಲಿ ನನ್ನನ್ನು ಕೇಳಿದರು: “ಸರ್, ಇಷ್ಟು ವರ್ಷಗಳಲ್ಲಿ ನೀವು ಮುಗಿಸಿರುವ ಆನ್‌ಲೈನ್ ಕೋರ್ಸುಗಳಲ್ಲಿ ಯಾವುದಾದರೂ ಒಂದು ನಿಮ್ಮ ಪಾಠವನ್ನು ನಿಜವಾಗಿ ಬದಲಿಸಿದೆಯೇ?” ಇನ್ನೊಂದು ಕೋರ್ಸಿನ ಕೊನೆಯ ದಿನಾಂಕ ತಿಳಿಸುವ ಸಂದೇಶ ಆಗಷ್ಟೇ ಅವರ ಮೊಬೈಲಿಗೆ ಬಂದಿತ್ತು. ಪ್ರಮಾಣಪತ್ರಗಳನ್ನು ಇಟ್ಟುಕೊಂಡಿರುವ ಫೋಲ್ಡರೊಂದು ನನ್ನ ಬಳಿಯೂ ಇದೆ; ಆದರೆ ಅವರ ಪ್ರಶ್ನೆಗೆ ಉತ್ತರ ಹುಡುಕುವಾಗ ನನಗೆ ನೆನಪಾದದ್ದು ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ನೋಟ್‌ಬುಕ್ಕಿನಲ್ಲಿ ಕೂಡಿ ತೋರಿಸಿದ ಒಂದು ಮೊತ್ತ. ಅಂದು ಅವರಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿಸ್ತರಿಸಿ ಬರೆಯುತ್ತಿದ್ದೇನೆ.

ಆ ವರ್ಷ ‘ರೇಖೆಗಳು ಮತ್ತು ಕೋನಗಳು’ ಅಧ್ಯಾಯಕ್ಕೆ ನಾನು ಜಿಯೋಜೀಬ್ರಾ ಬಳಸಿದ್ದೆ. ಆಸ್ಟ್ರಿಯದ ಮಾರ್ಕಸ್ ಹೋಹೆನ್‌ವಾರ್ಟರ್ ಅವರು ವಿದ್ಯಾರ್ಥಿಯಾಗಿದ್ದಾಗ, 2001ರ ಸುಮಾರಿಗೆ, ರೂಪಿಸಲು ಆರಂಭಿಸಿದ ಈ ತಂತ್ರಾಂಶವನ್ನು ಶಾಲೆಗಳು ಉಚಿತವಾಗಿ ಬಳಸಬಹುದು. ಪರದೆಯ ಮೇಲಿನ ತ್ರಿಭುಜದ ಒಂದು ಶೃಂಗವನ್ನು ಹಿಡಿದೆಳೆದರೆ ಆಕೃತಿ ಬದಲಾಗುತ್ತದೆ, ಮೂರು ಕೋನಗಳ ಅಳತೆಗಳೂ ಕ್ಷಣಕ್ಷಣಕ್ಕೂ ಬದಲಾಗುತ್ತವೆ, ಅವುಗಳ ಮೊತ್ತ ಮಾತ್ರ 180 ಡಿಗ್ರಿಯಲ್ಲಿ ಕದಲದೆ ನಿಲ್ಲುತ್ತದೆ. ಈ ಚಟುವಟಿಕೆಯನ್ನು ನಾನು ಒಂದು ಆನ್‌ಲೈನ್ ಕೋರ್ಸಿನ ವಿಡಿಯೊದಿಂದ ಕಲಿತಿದ್ದೆ, ಅಲ್ಲಿ ತೋರಿಸಿದಂತೆಯೇ ತರಗತಿಯಲ್ಲಿ ಮಾಡಿದೆ, ಮಕ್ಕಳೂ ಬೆರಗಿನಿಂದ ನೋಡಿದರು. ಅಷ್ಟರಲ್ಲಿ ಎರಡನೆಯ ಬೆಂಚಿನ ಹುಡುಗಿಯೊಬ್ಬಳು ಪರದೆಯ ಮೇಲಿದ್ದ ಮೂರು ಕೋನಗಳನ್ನು, 47.24, 61.34 ಮತ್ತು 71.43 ಎಂದು ಬರೆದುಕೊಂಡು ಕೂಡಿದಳು. “ಸರ್, 180 ಬರ್ತಿಲ್ಲ, 180.01 ಬರ್ತಿದೆ” ಎಂದಳು. ಇಡೀ ತರಗತಿ ಕೂಡಿ ನೋಡಿತು. ಅವಳ ಲೆಕ್ಕ ಸರಿಯಾಗಿತ್ತು.

ತಂತ್ರಾಂಶವು ಅಳತೆಯನ್ನು ಎರಡು ದಶಮಾಂಶ ಸ್ಥಾನಗಳಿಗೆ ಸರಿಹೊಂದಿಸಿ ತೋರಿಸುತ್ತಿದೆ, ಮುಂದಿನ ಅಂಕಿಗಳು ಒಳಗೇ ಉಳಿದಿವೆ, ಅವೆಲ್ಲವನ್ನೂ ಸೇರಿಸಿ ಕೂಡಿದರೆ 180 ಬರುತ್ತದೆ ಎಂದು ನಾನು ವಿವರಿಸಿದೆ. ವಿವರಣೆ ತಪ್ಪೇನೂ ಆಗಿರಲಿಲ್ಲ. ಆದರೆ ಅವಳ ಮುಂದಿನ ಪ್ರಶ್ನೆ ನನ್ನನ್ನು ನಿಲ್ಲಿಸಿಬಿಟ್ಟಿತು: “ಕಣ್ಣಿಗೆ ಕಾಣುವ ಅಳತೆಯನ್ನೇ ನಂಬಬಾರದು ಎಂದ ಮೇಲೆ, ಎಲ್ಲ ತ್ರಿಭುಜಗಳಿಗೂ 180 ಅಂತ ನಮಗೆ ಹೇಗೆ ಗೊತ್ತು ಸರ್?” ಅಷ್ಟರಲ್ಲಿ ಗಂಟೆ ಹೊಡೆಯಿತು. ಪಠ್ಯಪುಸ್ತಕದಲ್ಲಿ ಆ ಪ್ರಮೇಯದ ಸಾಧನೆ ಇದೆ, ನಾನು ಅದನ್ನು ಹಲವು ವರ್ಷ ಕಪ್ಪುಹಲಗೆಯ ಮೇಲೆ ಬರೆಸಿದ್ದೇನೆ. ಆದರೆ ಆ ಸಾಧನೆ ಯಾವ ಪ್ರಶ್ನೆಗೆ ಉತ್ತರವೋ ಆ ಪ್ರಶ್ನೆಯನ್ನು ಒಂದು ಮಗು ತಾನಾಗಿಯೇ ಕೇಳಿದ್ದು ನನ್ನ ಅನುಭವದಲ್ಲಿ ಅದೇ ಮೊದಲು. ನಾನು ನೋಡಿದ ವಿಡಿಯೊದಲ್ಲಿ ಈ ಸನ್ನಿವೇಶ ಇರಲಿಲ್ಲ. ಕೋರ್ಸಿನ ಕೊನೆಯ ರಸಪ್ರಶ್ನೆಯಲ್ಲಿ ಕೋನ ಅಳೆಯಲು ಯಾವ ಗುಂಡಿಯನ್ನು ಒತ್ತಬೇಕೆಂದು ಕೇಳಿದ್ದರು, ಅದಕ್ಕೆ ನನಗೆ ಪೂರ್ಣ ಅಂಕ ಬಂದಿತ್ತು.

ಆ ರಾತ್ರಿ ನಾನು ಈ ಪ್ರಸಂಗವನ್ನು ಬೇರೆ ಬೇರೆ ಜಿಲ್ಲೆಗಳ ಗಣಿತ ಶಿಕ್ಷಕರಿದ್ದ ಗುಂಪೊಂದಕ್ಕೆ ಬರೆದು ಕಳುಹಿಸಿದೆ. ಹಾಗೆ ಬರೆಯುವ ಅಭ್ಯಾಸ ನನಗೆ ಬಂದದ್ದು 2011ರಲ್ಲಿ ಆರಂಭವಾದ ವಿಷಯ ಶಿಕ್ಷಕರ ವೇದಿಕೆಯಿಂದ. ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆಯು ಶಿಕ್ಷಣ ಇಲಾಖೆಯೊಂದಿಗೆ ಸೇರಿ ನಡೆಸಿದ ಆ ಕಾರ್ಯಕ್ರಮವು ಸರ್ಕಾರಿ ಪ್ರೌಢಶಾಲೆಗಳ ಗಣಿತ, ವಿಜ್ಞಾನ ಮತ್ತು ಸಮಾಜ ವಿಜ್ಞಾನ ಶಿಕ್ಷಕರನ್ನು ಇಮೇಲ್ ಮೂಲಕ ಪರಸ್ಪರ ಜೋಡಿಸಿತು. ಶಿಕ್ಷಕರೇ ಬರೆದು ತಿದ್ದಬಹುದಾದ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ಜಾಲತಾಣವೂ ಅದರ ಬೆನ್ನಿಗೇ ರೂಪುಗೊಂಡಿತು. ಅದಕ್ಕೂ ಮೊದಲು ದೂರಶಿಕ್ಷಣವೆಂದರೆ ನಮ್ಮ ಪಾಲಿಗೆ ನೋಡುವುದಷ್ಟೇ ಆಗಿತ್ತು. 2004ರ ಸೆಪ್ಟೆಂಬರ್‌ನಲ್ಲಿ ಇಸ್ರೊ ಉಡಾಯಿಸಿದ ಎಜುಸ್ಯಾಟ್ ಉಪಗ್ರಹದ ಪಾಠಗಳು ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳನ್ನು ತಲುಪಿದಾಗ ಅದು ದೊಡ್ಡ ಸಾಧನೆಯೇ ಆಗಿತ್ತಾದರೂ, ಹಳ್ಳಿಯ ತರಗತಿಯಲ್ಲಿ ಹುಟ್ಟಿದ ಪ್ರಶ್ನೆ ಇನ್ನೊಬ್ಬ ಶಿಕ್ಷಕರ ಬಳಿಗೆ ಹೋಗುವ ದಾರಿ ಅದರಲ್ಲಿ ಇರಲಿಲ್ಲ. ಇಮೇಲ್ ಆ ದಾರಿಯನ್ನು ತೆರೆಯಿತು. ನುಡಿ ಅಕ್ಷರಗಳಲ್ಲಿ ಬೆರಳಚ್ಚಿಸಿದ ಪತ್ರಗಳು ಇನ್ನೊಬ್ಬರ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಚಿಹ್ನೆಗಳ ರಾಶಿಯಾಗಿ ತೆರೆದುಕೊಳ್ಳುತ್ತಿದ್ದ ಆ ದಿನಗಳಲ್ಲಿ, ಎಲ್ಲ ಕಂಪ್ಯೂಟರುಗಳಲ್ಲೂ ಒಂದೇ ರೀತಿ ತೆರೆದುಕೊಳ್ಳುವ ಅಕ್ಷರ ಸಂಕೇತವಾದ ಯೂನಿಕೋಡ್ ಎಂದರೇನೆಂಬುದನ್ನು ನಾವು ಒಬ್ಬರಿಗೊಬ್ಬರು ಕಲಿಸಿಕೊಂಡದ್ದೂ ಒಂದು ತರಬೇತಿಯೇ ಆಗಿತ್ತು.

ಮರುದಿನದಿಂದ ಉತ್ತರಗಳು ಬರತೊಡಗಿದವು. ದಶಮಾಂಶ ಸ್ಥಾನಗಳನ್ನು ಹೆಚ್ಚಿಸಿ ತೋರಿಸಿ, ವ್ಯತ್ಯಾಸ ಕಿರಿದಾಗುತ್ತ ಹೋಗುವುದನ್ನು ಮಕ್ಕಳೇ ನೋಡಲಿ ಎಂದು ರಾಯಚೂರು ಕಡೆಯ ಶಿಕ್ಷಕರೊಬ್ಬರು ಸೂಚಿಸಿದರು. ಕಾಗದದ ತ್ರಿಭುಜದ ಮೂರು ಮೂಲೆಗಳನ್ನು ಹರಿದು ಒಂದೇ ಸರಳರೇಖೆಯ ಮೇಲೆ ಜೋಡಿಸಿ ಎಂದು ಕರಾವಳಿಯ ಶಿಕ್ಷಕಿಯೊಬ್ಬರು ಬರೆದರು. ಮೂರನೆಯವರು ಈ ಎರಡನ್ನೂ ಒಪ್ಪಲಿಲ್ಲ: ಕಾಗದ ಹರಿದರೂ, ಹದಿನೈದು ಸ್ಥಾನಗಳವರೆಗೆ ಅಳೆದರೂ ನಾವು ನೋಡುವುದು ಕೈಯಲ್ಲಿರುವ ತ್ರಿಭುಜವನ್ನು ಮಾತ್ರ, ಆ ಹುಡುಗಿ ಕೇಳುತ್ತಿರುವುದು ಇನ್ನೂ ಯಾರೂ ಎಳೆಯದ ತ್ರಿಭುಜಗಳ ಬಗ್ಗೆ ಎಂದು ಅವರು ತೋರಿಸಿಕೊಟ್ಟರು. ಶೃಂಗದ ಮೂಲಕ ಪಾದಕ್ಕೆ ಸಮಾಂತರವಾಗಿ ಒಂದು ರೇಖೆ ಎಳೆದು ಪರ್ಯಾಯ ಕೋನಗಳಿಂದ ವಾದಿಸುವ ಹಳೆಯ ಸಾಧನೆಗೆ ಈಗ ಸಮಯ ಬಂದಿದೆ ಎಂಬುದು ಅವರ ಮಾತಾಗಿತ್ತು. ಇನ್ನೊಬ್ಬರು ಒಂದು ಚೆಂಡನ್ನೂ ತರಗತಿಗೆ ಕೊಂಡೊಯ್ಯಿರಿ ಎಂದರು. ಚೆಂಡಿನ ಮೇಲೆ ಸಮಭಾಜಕ ವೃತ್ತದಂತೆ ಒಂದು ಗೆರೆ ಎಳೆದು, ಅದರ ಕಾಲು ಭಾಗದ ಎರಡು ತುದಿಗಳಿಂದ ಧ್ರುವದವರೆಗೆ ಗೆರೆಗಳನ್ನು ಎಳೆದರೆ ಸಿಗುವ ತ್ರಿಭುಜದಲ್ಲಿ ಮೂರೂ ಲಂಬಕೋನಗಳು, ಮೊತ್ತ 270 ಡಿಗ್ರಿ. ಅಲ್ಲಿ ಸಮಾಂತರ ರೇಖೆಗಳೇ ಇಲ್ಲವಾದ್ದರಿಂದ ನಮ್ಮ ಸಾಧನೆಯೂ ನಡೆಯುವುದಿಲ್ಲ.

ಮೂರು ದಿನಗಳ ಬಳಿಕ ನಾನು ಚೆಂಡಿನೊಂದಿಗೆ ಅದೇ ತರಗತಿಗೆ ಹೋದೆ. ಆ ಅವಧಿಯ ಬಗ್ಗೆ ನಾನು ಗುಂಪಿಗೆ ಮರಳಿ ಬರೆದಾಗ, ಇನ್ನೊಂದು ಜಿಲ್ಲೆಯ ಶಿಕ್ಷಕರು ಅದನ್ನೇ ತಮ್ಮ ಶಾಲೆಯಲ್ಲಿ ಮಾಡಿ, ಚೆಂಡಿನ ಮೇಲೆ ಪೆನ್ನಿನಿಂದ ನೇರ ಗೆರೆ ಎಳೆಯಲು ಮಕ್ಕಳಿಗೆ ಆಗಲಿಲ್ಲವೆಂದೂ ರಬ್ಬರ್ ಬ್ಯಾಂಡ್ ಹಾಕಿದ ಮೇಲೆ ಸುಲಭವಾಯಿತೆಂದೂ ತಿಳಿಸಿದರು. ಮುಂದಿನ ವರ್ಷ ನಾನೂ ರಬ್ಬರ್ ಬ್ಯಾಂಡ್ ಬಳಸಿದೆ.

ನನ್ನ ಪಾಠ ಬದಲಾದದ್ದು ವಿಡಿಯೊ ನೋಡಿದ ಹೊತ್ತಿನಲ್ಲಲ್ಲ, ಅದನ್ನು ತರಗತಿಯಲ್ಲಿ ಬಳಸಿ, ಎಡವಿ, ಗೆಳೆಯರಿಗೆ ಬರೆದು, ಮತ್ತೆ ತರಗತಿಗೆ ಹೋದ ಆ ಮೂರು ದಿನಗಳಲ್ಲಿ. ಆನ್‌ಲೈನ್ ತರಬೇತಿಯನ್ನು ರೂಪಿಸುವವರು ಈ ಮೂರು ದಿನಗಳನ್ನು ಕೋರ್ಸಿನ ಹೊರಗಿನ ಸಮಯವೆಂದು ಎಣಿಸುತ್ತಾರೆ. ನನ್ನ ದೃಷ್ಟಿಯಲ್ಲಿ ಕೋರ್ಸು ಎಂದರೆ ಅದೇ. ಹೊಸ ಬೋಧನಾ ವಿಧಾನವೊಂದು ಶಿಕ್ಷಕರ ಕೈಗೆ ಹತ್ತಬೇಕಾದರೆ ವಿವರಣೆ ಮತ್ತು ಪ್ರಾತ್ಯಕ್ಷಿಕೆಗಳು ಸಾಲವು, ಶಾಲೆಯಲ್ಲೇ ಜೊತೆಗಾರರ ಬೆಂಬಲ ಬೇಕು ಎಂದು ಅಮೆರಿಕದ ಸಂಶೋಧಕರಾದ ಬ್ರೂಸ್ ಜಾಯ್ಸ್ ಮತ್ತು ಬೆವರ್ಲಿ ಶವರ್ಸ್ 1980ರ ದಶಕದಲ್ಲೇ ಬರೆದಿದ್ದರು.

ಹೀಗೆಂದ ಮಾತ್ರಕ್ಕೆ ಆನ್‌ಲೈನ್ ವ್ಯವಸ್ಥೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಹಿಂದಿನ ತರಬೇತಿಗಳಲ್ಲಿ ರಾಜ್ಯಮಟ್ಟದ ಸಂಪನ್ಮೂಲ ವ್ಯಕ್ತಿಗಳು ಜಿಲ್ಲೆಯವರಿಗೆ, ಜಿಲ್ಲೆಯವರು ತಾಲ್ಲೂಕಿನವರಿಗೆ, ಅವರು ನಮಗೆ ಹೇಳುತ್ತ ಬರುವ ಹೊತ್ತಿಗೆ ಮೂಲ ವಿಚಾರ ತೆಳುವಾಗಿರುತ್ತಿತ್ತು. ಎರಡು ದಿನ ಶಾಲೆ ಬಿಟ್ಟು ಹೋದರೆ ಏಕೋಪಾಧ್ಯಾಯ ಶಾಲೆಯ ಬಾಗಿಲನ್ನೇ ಮುಚ್ಚಬೇಕಾಗುತ್ತಿತ್ತು. 2017ರ ಶಿಕ್ಷಕರ ದಿನದಂದು ಆರಂಭವಾದ, ಕೇಂದ್ರ ಸರ್ಕಾರದ ಆನ್‌ಲೈನ್ ಕಲಿಕಾ ವೇದಿಕೆಯಾದ ದೀಕ್ಷಾ, ಬೆಂಗಳೂರಿನ ಏಕ್‌ಸ್ಟೆಪ್ ಪ್ರತಿಷ್ಠಾನದ ಸನ್‌ಬರ್ಡ್ ತಂತ್ರಾಂಶದ ಮೇಲೆ ಕಟ್ಟಿದ್ದು, ಈ ಎರಡೂ ತೊಡಕುಗಳನ್ನು ಬಹುಮಟ್ಟಿಗೆ ನೀಗಿಸಿತು. 2019ರ ಆಗಸ್ಟ್‌ನಲ್ಲಿ ಸುಮಾರು 42 ಲಕ್ಷ ಪ್ರಾಥಮಿಕ ಹಂತದ ಶಿಕ್ಷಕರನ್ನೂ ಮುಖ್ಯ ಶಿಕ್ಷಕರನ್ನೂ ಗುರಿಯಾಗಿಸಿಕೊಂಡು ಮುಖಾಮುಖಿಯಾಗಿ ಆರಂಭವಾದ ಕೇಂದ್ರ ಸರ್ಕಾರದ ನಿಷ್ಠಾ ತರಬೇತಿಯು, ಕೋವಿಡ್‌ನಿಂದ ಶಾಲೆಗಳು ಮುಚ್ಚಿದ್ದಾಗ, 2020ರ ಅಕ್ಟೋಬರ್‌ನಿಂದ 18 ಮಾಡ್ಯೂಲುಗಳಾಗಿ ಅದೇ ದೀಕ್ಷಾದಲ್ಲಿ ಮುಂದುವರಿಯಿತು. ಪ್ರೌಢಶಾಲಾ ಶಿಕ್ಷಕರಿಗಾಗಿ ಅದರ ಎರಡನೆಯ ಆವೃತ್ತಿ 2021ರಲ್ಲಿ ಬಂತು. ಬೇಕಾದಾಗ ನಿಲ್ಲಿಸಿ, ಹಿಂದಕ್ಕೆ ಹೋಗಿ ಮತ್ತೆ ಕೇಳುವ ಅನುಕೂಲವನ್ನು ಯಾವ ಸಭಾಂಗಣವೂ ನಮಗೆ ಕೊಟ್ಟಿರಲಿಲ್ಲ.

ತೊಡಕು ಇರುವುದು ಎಣಿಕೆಯಲ್ಲಿ. ಒಮ್ಮೆ ಒಂದು ಕೋರ್ಸಿನ ಅವಧಿ ಮುಗಿಯುತ್ತಿದ್ದಾಗ, ಇನ್ನೂ ಪೂರ್ಣಗೊಳಿಸದವರ ಹೆಸರುಗಳ ಪಟ್ಟಿ ದಿನಕ್ಕೆ ಮೂರು ಸಲ ನಮ್ಮ ವಾಟ್ಸ್‌ಆ್ಯಪ್ ಗುಂಪಿಗೆ ಬರುತ್ತಿತ್ತು. ಆ ಪಟ್ಟಿಯಲ್ಲಿದ್ದ ನನ್ನ ಸಹೋದ್ಯೋಗಿಯೊಬ್ಬರು, ತರಗತಿಯಲ್ಲಿ ಗುಂಪು ಚಟುವಟಿಕೆಗಳನ್ನು ನಮ್ಮೆಲ್ಲರಿಗಿಂತ ಚೆನ್ನಾಗಿ ನಡೆಸುವವರು, ಸಂಜೆ ಮನೆಗೆಲಸ ಮುಗಿಸಿ, ಹಾಸಿಗೆ ಹಿಡಿದಿದ್ದ ಅತ್ತೆಯವರಿಗೆ ಊಟ ಮಾಡಿಸಿ, ರಾತ್ರಿ ಹತ್ತೂವರೆಯ ಮೇಲೆ ಮಹಡಿಯ ಮೆಟ್ಟಿಲ ಮೇಲೆ ನೆಟ್‌ವರ್ಕ್ ಸಿಗುವ ಜಾಗದಲ್ಲಿ ಕುಳಿತು ಗುಂಪು ಚಟುವಟಿಕೆಗಳ ಕುರಿತ ವಿಡಿಯೊ ನೋಡಬೇಕಾಯಿತು. ಆ ದಿನ ನನಗಾದ ಸಂಕಟ ಇನ್ನೂ ಹೋಗಿಲ್ಲ. ಇಂಗ್ಲಿಷ್ ಮೂಲದಿಂದ ಪದಕ್ಕೆ ಪದವಿಟ್ಟು ಕನ್ನಡಕ್ಕೆ ತಂದ ಪಾಠಗಳೂ ಅಂಥದೇ ಹೊರೆ. ನಮ್ಮ ಕ್ಲಸ್ಟರ್ ಸಮಾಲೋಚನಾ ಸಭೆಯಲ್ಲಿ ಯಾವ ಶಿಕ್ಷಕರೂ ಆಡದ ಕನ್ನಡ ಅದು.

ಇದಕ್ಕಿಂತ ಸೂಕ್ಷ್ಮವಾದ ಸಂಗತಿ ಇನ್ನೊಂದಿದೆ. ಶಿಕ್ಷಕರ ಯಾವುದೇ ಗುಂಪಿನಲ್ಲಿ ಮೇಲಧಿಕಾರಿಗಳು ಇದ್ದರೆ ಅಲ್ಲಿ ಪ್ರಶ್ನೆ ಹುಟ್ಟುವುದಿಲ್ಲ. ಆದೇಶದ ಪ್ರತಿ ಬರುತ್ತದೆ, “ಧನ್ಯವಾದಗಳು ಸರ್” ಎಂಬ ಸಾಲುಗಳು ಬರುತ್ತವೆ, ಕಾರ್ಯಕ್ರಮದ ಭಾವಚಿತ್ರಗಳು ಬರುತ್ತವೆ. “ಇಂದು ನನ್ನ ಪಾಠ ಕೈಕೊಟ್ಟಿತು, ಮಗು ಕೇಳಿದ್ದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ” ಎಂದು ಬರೆಯಲು ಇಪ್ಪತ್ತು ವರ್ಷ ಸೇವೆ ಮಾಡಿದವರೂ ಹಿಂಜರಿಯುತ್ತಾರೆ. ಅಧಿಕಾರಿಗಳು ಕೆಟ್ಟವರೆಂದು ಇದರ ಅರ್ಥವಲ್ಲ. ನನಗೆ ಬಹಳ ಕಲಿಸಿದ ಸಂಪನ್ಮೂಲ ವ್ಯಕ್ತಿಗಳು ಅವರಲ್ಲೂ ಇದ್ದಾರೆ. ಆದರೆ ತನ್ನ ಕೆಲಸದ ಮೌಲ್ಯಮಾಪನ ಮಾಡುವವರ ಎದುರು ತನಗೆ ಗೊತ್ತಿಲ್ಲದ್ದನ್ನು ಒಪ್ಪಿಕೊಳ್ಳುವುದು ಯಾವ ವೃತ್ತಿಯವರಿಗೂ ಸುಲಭವಲ್ಲ, ಮತ್ತು ಶಿಕ್ಷಕರ ಕಲಿಕೆ ಆರಂಭವಾಗುವುದು ಆ ಒಪ್ಪಿಗೆಯಿಂದಲೇ.

2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಪ್ರತಿ ಶಿಕ್ಷಕರೂ ವರ್ಷಕ್ಕೆ ಕನಿಷ್ಠ 50 ಗಂಟೆಗಳನ್ನು ನಿರಂತರ ವೃತ್ತಿಪರ ಅಭಿವೃದ್ಧಿಗೆ ಮೀಸಲಿಡಬೇಕೆಂದು ನಿರೀಕ್ಷಿಸುತ್ತದೆ. ಐದು ವರ್ಷಗಳ ಸೇವೆಗೊಮ್ಮೆ ಎರಡು ಮೂರು ತಿಂಗಳ ತರಬೇತಿ ಬೇಕೆಂದು 1966ರಲ್ಲಿ ವರದಿ ಸಲ್ಲಿಸಿದ ಕೊಠಾರಿ ಆಯೋಗ ಹೇಳಿತ್ತು. ಅದರೊಂದಿಗೆ ಹೋಲಿಸಿದರೆ ಐದು ವರ್ಷಕ್ಕೆ 250 ಗಂಟೆ, ದಿನಕ್ಕೆ ಆರು ಗಂಟೆಯಂತೆ ನಲವತ್ತೆರಡು ದಿನಗಳು, ಹೆಚ್ಚೇನೂ ಅಲ್ಲ. ಆದ್ದರಿಂದ ಗಂಟೆಗಳ ಬಗ್ಗೆ ನನಗೆ ಆಕ್ಷೇಪವಿಲ್ಲ. ಆ 50 ಗಂಟೆಗಳಲ್ಲಿ ಕನಿಷ್ಠ ಅರ್ಧದಷ್ಟನ್ನು ಶಾಲೆಯ ವೇಳಾಪಟ್ಟಿಯ ಒಳಗೇ ಕೊಡಬೇಕು. ತರಗತಿಯಲ್ಲಿ ಮಾಡಿ ನೋಡಿ ಗೆಳೆಯರಿಗೆ ಬರೆದ ಒಂದು ಪುಟವನ್ನು ಪ್ರಮಾಣಪತ್ರಕ್ಕಾಗಿ ರಸಪ್ರಶ್ನೆಯಲ್ಲಿ ಪಡೆಯಬೇಕಾದ ಶೇಕಡಾ 70 ಅಂಕಕ್ಕೆ ಸಮನಾಗಿ ಪರಿಗಣಿಸಬೇಕು. ಕೋರ್ಸನ್ನು ಆರಿಸಿಕೊಳ್ಳುವ ಅಧಿಕಾರ ಶಿಕ್ಷಕರಿಗೇ ಇರಬೇಕು ಎಂಬುದಷ್ಟೇ ನನ್ನ ಕೋರಿಕೆ. ಆಯ್ಕೆಯ ವಿಚಾರ ನಮ್ಮ ರಾಜ್ಯಕ್ಕೆ ಹೊಸದೂ ಅಲ್ಲ; ಬೇಕಾದ ಮಾಡ್ಯೂಲನ್ನು ಶಿಕ್ಷಕರೇ ಆರಿಸಿಕೊಳ್ಳುವ ಕ್ರಮವನ್ನು ಗುರುಚೇತನ ತರಬೇತಿಯಲ್ಲಿ ನಾವು ಕಂಡಿದ್ದೇವೆ.

ಇಷ್ಟನ್ನು ಕೇಳಿದ ಮೇಲೆ ಆ ವಿಜ್ಞಾನ ಶಿಕ್ಷಕಿ ನಮ್ಮ ಎಂಟು ಜನರ ಸಣ್ಣ ಗುಂಪಿಗೆ ಸೇರಿಕೊಂಡರು. ಶನಿವಾರ ಮಧ್ಯಾಹ್ನ ನಾವು ಗೂಗಲ್ ಮೀಟ್‌ನಲ್ಲಿ ನಲವತ್ತು ನಿಮಿಷ ಮಾತನಾಡುತ್ತೇವೆ. ಆ ವಾರ ತರಗತಿಯಲ್ಲಿ ನಡೆದ ಒಂದು ಸಂಗತಿಯನ್ನು ತಂದವರಿಗೆ ಮೊದಲ ಸರದಿ. ಕಳೆದ ಶನಿವಾರ ಆ ಸರದಿ ವಿಜ್ಞಾನ ಶಿಕ್ಷಕಿಯದಾಗಿತ್ತು. ಸರಣಿ ಜೋಡಣೆಯಲ್ಲಿ ಮೊದಲ ಬಲ್ಬು ವಿದ್ಯುತ್ತನ್ನು ‘ಖರ್ಚು ಮಾಡಿ’ ಎರಡನೆಯದಕ್ಕೆ ಕಡಿಮೆ ಉಳಿಸುತ್ತದೆ ಎಂಬುದು ಮಕ್ಕಳ ದೃಢ ನಂಬಿಕೆ. ಅದನ್ನು ಹೋಗಲಾಡಿಸಲು ಅವರು ಕೊಲರಾಡೊ ವಿಶ್ವವಿದ್ಯಾಲಯದ ಫೆಟ್ ಎಂಬ ಕಂಪ್ಯೂಟರ್ ಅನುಕರಣೆಯನ್ನು ತೋರಿಸಿದರು. ಪರದೆಯ ಮೇಲೆ ಎರಡೂ ಬಲ್ಬುಗಳು ಒಂದೇ ಸಮನೆ ಬೆಳಗಿದವು, ಮಕ್ಕಳು ತಲೆಯಾಡಿಸಿದರು. ಆಮೇಲೆ ಅಂಗಡಿಯಿಂದ ತಂದ ಎರಡು ಟಾರ್ಚ್ ಬಲ್ಬುಗಳನ್ನು ಮೇಜಿನ ಮೇಲೆ ಜೋಡಿಸಿದಾಗ ಎರಡನೆಯದು ನಿಜಕ್ಕೂ ಮಂಕಾಗಿ ಉರಿಯಿತು, ತರಗತಿಯೆಲ್ಲ “ನೋಡಿ ಟೀಚರ್, ನಾವು ಹೇಳಿರಲಿಲ್ವಾ” ಎಂದಿತು. ಒಂದೇ ಬಗೆಯವೆಂದು ಮಾರುವ ಬಲ್ಬುಗಳ ತಂತಿಗಳು ಪೂರ್ತಿ ಒಂದೇ ರೀತಿ ಇರುವುದಿಲ್ಲ ಎಂದು ನಮ್ಮಲ್ಲೊಬ್ಬರು ವಿವರಿಸಿದರು. ಇನ್ನೊಬ್ಬರು, ಏನನ್ನೂ ವಿವರಿಸದೆ ಎರಡು ಬಲ್ಬುಗಳ ಜಾಗವನ್ನು ಮಕ್ಕಳ ಕೈಯಲ್ಲೇ ಅದಲುಬದಲು ಮಾಡಿಸಿ, ಸ್ವಿಚ್ ಒತ್ತುವ ಮೊದಲು ಯಾವುದು ಮಂಕಾಗಿ ಉರಿಯುತ್ತದೆಂದು ಎಲ್ಲರಿಂದಲೂ ಬರೆಸಿಕೊಳ್ಳಿ ಎಂದರು. ಸೋಮವಾರ ಎರಡನೆಯ ಅವಧಿಯಲ್ಲಿ ಅವರು ಹಾಗೆ ಮಾಡಲಿದ್ದಾರೆ. ಆ ಅವಧಿ ನನಗೆ ಬಿಡುವಿದೆ. ಹಿಂದಿನ ಬೆಂಚಿನಲ್ಲಿ ಕುಳಿತು ನೋಡಲು ಅನುಮತಿ ಕೇಳಿದ್ದೇನೆ, ಬನ್ನಿ ಸರ್ ಎಂದಿದ್ದಾರೆ.